ನಮ್ಮ ಮನೆಯ ಹಿಮ್ಮಡಿ ಹಾಜರಿ

ನಮ್ಮ ಮಾವನವರ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ: ಹಿಮ್ಮಡಿ ಒಡೆದವರು, ಮತ್ತು ಇನ್ನೇನು ಒಡೆಯಲಿರುವವರು! ಮನೆಗೆ ಯಾರಾದರೂ ಬಂದರೆ ಉಳಿದವರೆಲ್ಲ ಮುಖ ನೋಡಿ "ಬರ್ರಿ" ಅನ್ನುತ್ತಾರೆ. ಇವರು ಕಾಲು ನೋಡಿ "ಬರ್ರಿ" ಅನ್ನುತ್ತಿದ್ದರು. ಊರಿನ ಎಷ್ಟೋ ಮಂದಿಯ ಹೆಸರು ಅವರಿಗೆ ನೆನಪೇ ಇರುತ್ತಿರಲಿಲ್ಲ. "ಅಂವಾ ಅಲ್ಲೇನು, ಎಡಗಾಲ ಹಿಮ್ಮಡಕ್ಕ ಮೂರ ಸೀಳ ಅದಾವಲ್ಲ" ಎಂದು ಗುರುತು ಮಾತ್ರ ತಪ್ಪದೆ ಹೇಳುತ್ತಿದ್ದರು.

ನಂಬುವುದಿಲ್ಲವೇ? ನನ್ನ ಮದುವೆಯ ಕಥೆಯನ್ನೇ ಕೇಳಿ. ಎಂಬತ್ತರ ದಶಕದ ಒಂದು ಚಳಿಗಾಲ. ಅಥಣಿ ಕಡೆಯ ಒಣ ಸೀಮೆಯಿಂದ ಕೃಷ್ಣೆಯ ದಂಡೆಯ ಈ ಊರಿಗೆ, ದಿಗ್ಗೇವಾಡಿಯ ಮಗ್ಗುಲಿಗೆ, ಸೊಸೆಯಾಗಿ ಬಂದೆ. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ಉರುಳಿಸಿ ಒಳಗೆ ಬಂದು, ಮುಖದ ಅರಿಷಿಣ ಇನ್ನೂ ಆರಿರದ ನಾನು ಮಾವನವರ ಕಾಲಿಗೆರಗಿದೆ. ಆಶೀರ್ವಾದ ಮಾಡಬೇಕಾದ ಮನುಷ್ಯ ಏನೆಂದರು ಗೊತ್ತೇ?

"ತಂಗೀ, ಒಂದ ಸಲ ಹಿಂದ ತಿರುಗು. ಹಿಮ್ಮಡ ನೋಡೂಣು."

ಹಾಡು ಹೇಳುತ್ತಿದ್ದ ಹೆಂಗಸರ ಬಾಯಿ ಅಲ್ಲಿಗೇ ನಿಂತಿತು. ನಾನು ಭೂಮಿಗಿಳಿದುಹೋದೆ. ತಿರುಗದೆ ಇರಲಾದೀತೇ? ತಿರುಗಿದೆ. ಅವರು ಬಗ್ಗಿ ನೋಡಿದರು. "ಒಡದಾವ. ಕರಿ ಮಣ್ಣಿನ ಸೀಮಿ, ಅಲ್ಲೆ ಎಲ್ಲಾರವೂ ಒಡೀತಾವ. ಹೆದರಬ್ಯಾಡ, ಹದಿನೈದ ದಿನದಾಗ ಬೆಣ್ಣಿ ಆಕ್ಕಾವ" ಎಂದು ತೀರ್ಪು ಕೊಟ್ಟು, ಆಮೇಲೆ ನೆನಪಾಗಿ ತಲೆಯ ಮೇಲೆ ಅಕ್ಕಿಕಾಳು ಹಾಕಿದರು. ಬೀಗರ ಮುಂದೆ ಹೀಗೂ ಮರ್ಯಾದೆ ಕಳೆಯುವುದುಂಟೇ ಎಂದು ನನ್ನ ಅವ್ವ ಮುಖ ಊದಿಸಿಕೊಂಡು ಊಟಕ್ಕೂ ಸರಿಯಾಗಿ ಕೂಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲ ಬಳಿ ತೆಂಗಿನ ಕರಟದಲ್ಲಿ ಮೇಣದಂಥ ಹಳದಿ ಮುಲಾಮು ಕೂತಿತ್ತು!

ಇಂಥ ಮನುಷ್ಯ ವೈದ್ಯರೋ ಪಂಡಿತರೋ ಆಗಿರಬೇಕು ಅಂದುಕೊಂಡಿರಾ? ಛೇ ಛೇ! ಅವರು ಇಂಜಿನ್ ಮೇಸ್ತ್ರಿ. ಹೊಳೆಯ ನೀರನ್ನು ಕಬ್ಬಿನ ಹೊಲಗಳಿಗೆ ಎತ್ತುವ ಡೀಸೆಲ್ ಇಂಜಿನ್ನು, ಮೋಟರು, ಪಂಪು ಕೆಟ್ಟು ನಿಂತರೆ ಸುತ್ತಲಿನ ಊರಿನವರು ಅವರನ್ನೇ ಕರೆದೊಯ್ಯುತ್ತಿದ್ದರು. ಹೀಗಾಗಿ ಮನುಷ್ಯದೇಹವೂ ಅವರ ಕಣ್ಣಿಗೆ ಒಂದು ಇಂಜಿನ್ನೇ. ಚರ್ಮವೆಂದರೆ ಮೇಲಿನ ಮುಚ್ಚಳ. ಒಣಗಿದರೆ ಬಿರಿಯುತ್ತದೆ, ಬಿರಿದರೆ ಒಳಗೆ ಕಸ ಹೋಗುತ್ತದೆ, ಕಸ ಹೋದರೆ ಇಂಜಿನ್ ಕೂತಿತೆಂದೇ ಲೆಕ್ಕ. ಕೀಲುಗಳೆಂದರೆ ಬೇರಿಂಗು, ತಿರುಗುತ್ತಿದ್ದರಷ್ಟೇ ಬಾಳಿಕೆ. "ಥಂಡ್ಯಾಗ ಇಂಜಿನ್ ಒಮ್ಮಿಗ್ಲೇ ಚಾಲೂ ಆಗೂದಿಲ್ಲ. ಮದಲ ಹ್ಯಾಂಡಲ್ ಹಾಕಿ ನಾಕ ಸುತ್ತ ತಿರುವಬೇಕು" ಎನ್ನುತ್ತ ದೀಪಾವಳಿ ಮುಗಿದ ಮರುದಿನದಿಂದಲೇ ಮನೆಮಂದಿಯನ್ನೆಲ್ಲ ಹಾಸಿಗೆಯಿಂದ ತಿರುವಿ ಎಬ್ಬಿಸುತ್ತಿದ್ದರು.

ಇದನ್ನೆಲ್ಲ ನಾನು ಮೊದಲ ತಿಂಗಳು ಹುಚ್ಚೆಂದೇ ತಿಳಿದಿದ್ದೆ. ಒಂದು ದಿನ ಇವರು, ಅಂದರೆ ನನ್ನ ಯಜಮಾನರು, ನನ್ನನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದರು. ಅದನ್ನು ಕೇಳಿದ ಮೇಲೆ ನನಗೆ ಮೊದಲಿನಂತೆ ನಗಲು ಆಗಲಿಲ್ಲ.

ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಮನೆಯ ನಾಲ್ಕೂ ಕಡೆ ಕಬ್ಬು, ಚಳಿಗಾಲ ಬಂತೆಂದರೆ ಊರ ಗಾಳಿಗೆಲ್ಲ ಬೆಲ್ಲದ ವಾಸನೆ, ನಟ್ಟನಡುವೆ ಸಿಹಿ ಮುಟ್ಟಬಾರದ ಹೆಂಗಸು! ಕಾಯಿಲೆ ಹಳೆಯದಾಗಿ ಪಾದಗಳಲ್ಲಿ ಸ್ಪರ್ಶಜ್ಞಾನವೇ ಹೋಗಿತ್ತು. ನಮ್ಮ ಮದುವೆಯ ಹಿಂದಿನ ಚಳಿಗಾಲದಲ್ಲಿ ಎಡಗಾಲು ಒಡೆದು, ಸೀಳಿನಲ್ಲಿ ಮಣ್ಣು ಸೇರಿ, ಕೀವಾಗಿ, ಕಿರುಬೆರಳು ಕಪ್ಪಾಗುವವರೆಗೂ ಯಾರಿಗೂ ತಿಳಿದಿರಲಿಲ್ಲ. ನೋವೇ ಇಲ್ಲದ ಮೇಲೆ ಅವರಿಗಾದರೂ ಹೇಗೆ ತಿಳಿಯಬೇಕು? ರಾಯಬಾಗ ಸ್ಟೇಶನ್ನಿನಿಂದ ರೈಲಿನಲ್ಲಿ ಮಿರಜಿನ ದವಾಖಾನೆಗೆ ಒಯ್ದರು. ಬೆರಳು ತೆಗೆಯಬೇಕಾಯಿತು. ಹೊರಡುವಾಗ ಡಾಕ್ಟರು ಮಾವನವರನ್ನು ಒಂದು ಕಡೆ ಕರೆದು ಹೇಳಿದರಂತೆ: ಪಾದ ದಿನಾ ನೋಡಬೇಕು, ಒಣಗಲು ಬಿಡಬಾರದು, ಬರಿಗಾಲಲ್ಲಿ ಓಡಾಡಿಸಬಾರದು, ಹಾಗೆಂದು ಮೂಲೆಯಲ್ಲಿ ಕೂರಿಸಲೂ ಬಾರದು. ಇನ್ನೊಮ್ಮೆ ಹೀಗಾದರೆ ಹೋಗುವುದು ಬೆರಳಲ್ಲ, ಕಾಲು.

ದಿನಾ ನೋಡಬೇಕೆಂದು ಡಾಕ್ಟರು ಹೇಳುವುದೇನೋ ಸುಲಭ. ಅವರಿಗೆ ನಮ್ಮ ಅತ್ತೆಯವರು ಗೊತ್ತಿರಲಿಲ್ಲ! ಮನೆಗೆ ಬಂದ ದಿನ ಸಂಜೆ ಮಾವನವರು ಪಾದ ನೋಡಲು ಕೈ ಚಾಚಿದರೆ, ಮಲಗಿದ್ದ ಅತ್ತೆಯವರು ಎದ್ದು ಗೋಡೆ ಹಿಡಿದು ನಿಂತರಂತೆ. "ಗಂಡನ ಕೈಲೆ ಕಾಲ ಮುಟ್ಟಿಸಿಕೊಂಡ್ರ ನನಗ ಯಾ ಜನ್ಮಕ್ಕ ಪಾಪ ಹರೀತೈತ್ರಿ? ಕಾಲ ಹೋದ್ರ ಹೋಗ್ಲಿ!" ಎಂದು ಕಡ್ಡಿ ಮುರಿದಂತೆ ಹೇಳಿದರಂತೆ. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇದು ಹಟವಲ್ಲ, ಧರ್ಮ. ತಪ್ಪಿ ತಮ್ಮ ಕಾಲು ಗಂಡನಿಗೆ ತಾಗಿದರೂ ಬಗ್ಗಿ ನಮಸ್ಕರಿಸಿ ಕಣ್ಣಿಗೊತ್ತಿಕೊಳ್ಳುವವರು ಅವರು. ಮಗ ನೋಡಬೇಕೆಂದರೆ ಅದೂ ಬೇಡ. ಅಕ್ಕಪಕ್ಕದವರಿಗೆ ತೋರಿಸಲು "ನನಗೇನ ರೋಗ ಬಂದೈತಿ?" ಎಂಬ ಬಿಗುಮಾನ. ಮಗನ ಮದುವೆಯನ್ನು ಮಾವನವರು ಅಷ್ಟು ಗಡಬಡಿಯಿಂದ ಯಾಕೆ ಮಾಡಿದರೆಂದು ನನಗೆ ತಿಳಿದದ್ದು ಆವಾಗಲೇ. ಆ ಕಾಲು ನೋಡಲು ಮನೆಗೊಂದು ಹೆಣ್ಣುಜೀವ ಬೇಕಾಗಿತ್ತು!

ಹಾಗೆಂದು ಅತ್ತೆಯವರೊಬ್ಬರ ಕಾಲನ್ನೇ ನೋಡಿದರೆ ಅವರು ಒಪ್ಪುತ್ತಿದ್ದರೇ? ಅದಕ್ಕೇ ಹುಟ್ಟಿದ್ದು ಹಿಮ್ಮಡಿ ಹಾಜರಿ. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಎಲ್ಲರೂ ಸಾಲಾಗಿ ಕಾಲು ಚಾಚಿ ಕೂರಬೇಕು. ಯಜಮಾನರು, ನಾನು, ಆಮೇಲಾಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳು, ಕೊನೆಗೆ ಅತ್ತೆಯವರು. ಅವತ್ತು ಬಂದು ಉಳಿದ ನೆಂಟರಿಗೂ ವಿನಾಯಿತಿ ಇಲ್ಲ. ಮಾವನವರು ಕೈಯಲ್ಲಿ ಬ್ಯಾಟರಿ ಹಿಡಿದು ಒಬ್ಬೊಬ್ಬರ ಹಿಮ್ಮಡಿಯ ಮೇಲೂ ಬೆಳಕು ಬಿಡುತ್ತ ಬರುವರು. ಅತ್ತೆಯವರ ಸರದಿ ಬಂದಾಗ ಮಾತ್ರ ಮೂರು ಮಾರು ದೂರ ನಿಂತು ಅಲ್ಲಿಂದಲೇ ಬೆಳಕು ಹಿಡಿದು, ಪಾದದ ಬಳಿ ಕೂತ ನನ್ನನ್ನು ಕೇಳುವರು.

"ಬಲಗಾಲ ಹಿಮ್ಮಡ?"

"ಚಲೋ ಐತ್ರಿ ಮಾವಾರ."

"ಬೆರಳ ಸಂದಿ?"

"ಚಲೋ ಅದಾವ್ರಿ."

"ಎಡಗಾಲ?"

"ಅದೂ ಚಲೋ ಐತ್ರಿ."

ಆಮೇಲೆ ನಾನು ಮುಲಾಮು ಹಚ್ಚಬೇಕು. ಅತ್ತೆಯವರು ನಮ್ಮಿಬ್ಬರನ್ನೂ ನೋಡಿ, "ಯಾವ ಇಂಜಿನ್ ತಪಾಸ ಮಾಡಾಕತ್ತೀರ್ರಿ, ನಾ ಏನ ಕೆಟ್ಟ ನಿಂತೇನೇನು?" ಎಂದು ಗೊಣಗುವರು. ಎಲ್ಲರ ಕಾಲೂ ಚಾಚಿರುತ್ತಿದ್ದರಿಂದ ತಮ್ಮದನ್ನು ಎಳೆದುಕೊಳ್ಳುತ್ತಿರಲಿಲ್ಲ.

ನನ್ನ ಅಪ್ಪ ಮೊದಲ ವರ್ಷ ಜಗಳವಾಡಲೆಂದೇ ಬಂದಿದ್ದ. ಮಗಳಿಗೆ ಮದುವೆಯ ಮನೆಯಲ್ಲಿ ಅವಮಾನವಾಯಿತೆಂಬ ಸಿಟ್ಟು ಅವನಿಗೆ ಇಳಿದಿರಲಿಲ್ಲ. ಚಾ ಕುಡಿದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಾಜರಿಯ ಹೊತ್ತಾಯಿತು. "ಬೀಗರ, ನೀವೂ ಚಾಚ್ರಿ" ಎಂದರು ಮಾವನವರು. ಅಪ್ಪನ ಹಿಮ್ಮಡಿಯೋ, ಬ್ಯಾಸಗೆಯ ಹೊಲ! ಮಾವನವರು ಬಿಸಿನೀರಿನಲ್ಲಿ ನೆನೆಹಾಕಿ, ಒರೆಸಿ, ಸ್ವತಃ ಮುಲಾಮು ತಿಕ್ಕಿದರು. ಜನ್ಮದಲ್ಲಿ ಯಾರೂ ಅವನ ಕಾಲಿಗೆ ಅಷ್ಟು ಉಪಚಾರ ಮಾಡಿರಲಿಲ್ಲ. ಅಪ್ಪ ಜಗಳ ಮರೆತು ಅಲ್ಲೇ ತೂಕಡಿಸಿದ. ಊರಿಗೆ ಹೋದವನು ವಾರದೊಳಗೆ ಗಾಣದ ಕುಸುಬೆ ಎಣ್ಣೆಯ ಡಬ್ಬಿ ಕಳಿಸಿದ. ಅಲ್ಲಿಂದ ಮುಂದೆ ಮಾವನವರ ಮುಲಾಮಿಗೆ ಎಣ್ಣೆ ನನ್ನ ತವರಿನದೇ. ಅದರಲ್ಲಿ ಜೇನುಮೇಣ ಕರಗಿಸಿ ಅರಿಷಿಣ ಹಾಕಿದರೆ ಹಿಮ್ಮಡಿಯ ಮುಲಾಮು ಸಿದ್ಧ.

ಎಳೆಯ ಚರ್ಮಕ್ಕೆ, ತುಟಿಗೆ, ಗಲ್ಲಕ್ಕೆ ಬೇರೆ. ಅದು ತೊಳೆದ ತುಪ್ಪ. ತುಪ್ಪವನ್ನು ತೊಳೆಯುವುದುಂಟೇ ಎಂದು ಕೇಳಬೇಡಿ, ನಾನೂ ಕೇಳಿದ್ದೆ. ತಾಮ್ರದ ಅಗಲವಾದ ತಾಟಿನಲ್ಲಿ ಹಸುವಿನ ತುಪ್ಪ ಹಾಕಿ, ತಣ್ಣೀರು ಹೊಯ್ದು, ತಾಮ್ರದ ತಂಬಿಗೆಯ ತಳದಿಂದ ತಿಕ್ಕಿ, ಆ ನೀರು ಚೆಲ್ಲಿ ಮತ್ತೆ ಹೊಸ ನೀರು. ಹೀಗೆ ನೂರು ಸಲ! ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ. ಕೊನೆಗೆ ತುಪ್ಪ ಜಿಡ್ಡು ಬಿಟ್ಟು ಬೆಣ್ಣೆಯ ಹಾಗೆ ಬೆಳ್ಳಗೆ, ಹಗುರಾಗಿ ಬರುತ್ತಿತ್ತು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು. ಆದ್ದರಿಂದ ತುಪ್ಪ ತೊಳೆಯುವಾಗ ಅವರನ್ನು ಮಾತಾಡಿಸುವಂತಿಲ್ಲ.

ಇದು ಊರಿಗೆಲ್ಲ ಗೊತ್ತಿರಬೇಕಲ್ಲ? ಒಮ್ಮೆ ಹೊಲದವನೊಬ್ಬ ಓಡಿಬಂದು, "ಮೇಸ್ತ್ರಿಯಾರ, ಪಂಪ ನೀರ ಎತ್ತವಲ್ದು, ಏನಾಗಿರಬೇಕ್ರಿ?" ಎಂದ. ಮಾವನವರು ತಲೆಯೆತ್ತದೆ "ನಲವತ್ತೊಂದು!" ಎಂದರು. ಅವನು ಪಿಳಿಪಿಳಿ ನೋಡಿ ಹೋದ. ಎಷ್ಟೋ ಹೊತ್ತಿನ ಮೇಲೆ ಹಿಂದಿನ ಓಣಿಯ ಹೆಂಗಸೊಬ್ಬಳು ಮಗಳ ಮದುವೆಗೆ ಕರೆಯಲು ಬಂದಳು. "ಎಲ್ಲಾರೂ ಊಟಕ್ಕ ಬರಬೇಕ್ರಿ. ನಿಮ್ಮ ಮನಿಯಿಂದ ಎಷ್ಟ ಮಂದಿ ಆಕ್ಕೀರಿ?" ಎಂದು ವಿಚಾರಿಸಿದಳು. "ಎಂಬತ್ತಮೂರು!" ಎಂಬ ಉತ್ತರ ಬಂತು. ಅವಳು ಕುಂಕುಮದ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅತ್ತೆಯವರು ನನ್ನನ್ನು ಓಡಿಸಿ ಸಮಾಧಾನ ಹೇಳಿಸಬೇಕಾಯಿತು.

ಮುಖಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ, ಚಿಟಿಕೆ ಅರಿಷಿಣ. ಅತ್ತೆಯವರಿಗೆ ಯಾವುದನ್ನು ಹಚ್ಚಬೇಕಾದರೂ ಮೊದಲು ತಮ್ಮ ಮೇಲೆ ಪ್ರಯೋಗ ಮಾಡಿಕೊಳ್ಳುವುದು ಮಾವನವರ ಪದ್ಧತಿ. ಒಂದು ಬೆಳಿಗ್ಗೆ ಹೀಗೆ ಮುಖಕ್ಕೆಲ್ಲ ಬಳಿದುಕೊಂಡು ಕೂತಾಗಲೇ ಹೊಳೆದಂಡೆಯಿಂದ ಕರೆ ಬಂತು. ಮನುಷ್ಯ ತೊಳೆದುಕೊಳ್ಳುವುದನ್ನು ಮರೆತು ಪಾನಾ, ಇಕ್ಕಳಗಳ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು! ಅಲ್ಲಿದ್ದ ಮರಾಠಿ ಮಾತಿನ ಮುದುಕನೊಬ್ಬ, "ಅಹೋ ಮಿಸ್ತ್ರೀ, ಹಳದ ಲಾಗಲೀ ಕಾಯ?" ಎಂದನಂತೆ, ಅರಿಷಿಣಶಾಸ್ತ್ರ ಆಯಿತೇನು ಎಂದು. ಮಾವನವರು ಗಂಭೀರವಾಗಿ, "ಹೂಂ, ಈ ಇಂಜಿನ್ ಸಂಗಾಟ ಲಗ್ನ ಐತಿ, ಲಗೂ ಸರೀರಿ" ಎಂದರಂತೆ. ಮನೆಗೆ ಸುದ್ದಿ ಬಂದಾಗ ಅತ್ತೆಯವರು ಸೆರಗು ಬಾಯಿಗೊತ್ತಿ ಕಣ್ಣೀರು ಬರುವಂತೆ ನಕ್ಕರು. "ಸವತಿ ಹೆಂಗದಾಳ್ರಿ?" ಎಂದು ಎಂಟು ದಿನ ಕೇಳಿದರು.

ಇನ್ನು ಚಪ್ಪಲಿಯ ಪ್ರಶ್ನೆ. ಮನೆಯೊಳಗೂ ಬರಿಗಾಲು ಕೂಡದೆಂದು ಡಾಕ್ಟರ ಆಜ್ಞೆ. ಅಡುಗೆಮನೆಯಲ್ಲಿ, ದೇವರ ಗೂಡಿನ ಮುಂದೆ ಚಪ್ಪಲಿಯೇ? ಅತ್ತೆಯವರು ಕಿವಿ ಮುಚ್ಚಿಕೊಂಡರು. ಮಾವನವರು ವಾದ ಮಾಡಲಿಲ್ಲ. ಹಳೆಯ ಕೌದಿಯೊಂದನ್ನು ಕತ್ತರಿಸಿ, ಟ್ರ್ಯಾಕ್ಟರಿನ ಹರಿದ ಟ್ಯೂಬನ್ನು ಅಡಿಗೆ ಇಟ್ಟು, ದಬ್ಬಣದಿಂದ ಹೊಲಿದು ಬೂಟು ಮಾಡಿದರು. "ಚರ್ಮ ಅಲ್ಲ, ಅರಿವಿ. ದೇವರ ಏನೂ ಅನ್ನೂದಿಲ್ಲ" ಎಂದರು. ಅತ್ತೆಯವರಿಗೊಬ್ಬರಿಗೇ ಎಂದರೆ ಮತ್ತೆ ತಕರಾರು, ಅದಕ್ಕೆ ಎಲ್ಲರಿಗೂ ಒಂದೊಂದು ಜೊತೆ! ಅಂಗಿ ಇಸ್ತ್ರಿ ಮಾಡಿಸಿಕೊಂಡು ಚಿಕ್ಕೋಡಿಯ ಕಚೇರಿಗೆ ಹೋಗುವ ನನ್ನ ಯಜಮಾನರು ಮನೆಯಲ್ಲಿ ಕೆಂಪು ಹಳದಿ ತೇಪೆಯ ಕೌದಿ ಬೂಟು ತೊಟ್ಟು ಓಡಾಡುವ ಚೆಂದವನ್ನು ನೀವು ನೋಡಬೇಕಿತ್ತು. ಒಮ್ಮೆ ಗಡಬಡಿಯಲ್ಲಿ ಅದನ್ನೇ ಹಾಕಿಕೊಂಡು ಬಸ್ಸು ಹತ್ತಿದ್ದರು ಎಂದು ಹೇಳಿದರೆ ಈಗಲೂ ಸಿಟ್ಟಾಗುತ್ತಾರೆ.

ಅದೇ ಬೂಟು ತೊಟ್ಟು ಬೆಳಗಿನ ನಡಿಗೆ. ಮಂಜು ಇನ್ನೂ ಕಬ್ಬಿನ ಗರಿಯ ಮೇಲಿರುವಾಗ, ಚಾ ಕುಡಿಯುವ ಮೊದಲು, ಹೊಳೆಯವರೆಗೆ ಹೋಗಿ ಬರಬೇಕು. ಅತ್ತೆಯವರು ಒಲ್ಲೆನೆಂದ ದಿನ ಮಾವನವರು, "ಪಂಪಿನ ನಳಗಿ ಹಿಡ್ಯಾಕ ಯಾರೂ ಇಲ್ಲ, ನೀ ಸ್ವಲ್ಪ ಬಾ" ಎನ್ನುವರು. ಕೆಲಸವೆಂದರೆ ಅತ್ತೆಯವರು ಇಲ್ಲವೆನ್ನುವವರಲ್ಲ. ಹೋಗಿ ಕೆಟ್ಟಿರದ ಪಂಪಿನ ನಳಿಕೆಯನ್ನು ಹಿಡಿದು ನಿಲ್ಲುವರು, ಮಾವನವರು ಬಿಗಿಯಾಗಿಯೇ ಇದ್ದ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿಯುವರು. ಎಷ್ಟೋ ಚಳಿಗಾಲ ಹೀಗೆ ಕಳೆದವು. ಅತ್ತೆಯವರ ಕಾಲಿಗೆ ಒಂದು ಗೀರೂ ಬೀಳಲಿಲ್ಲ. "ಚಲೋ ಐತ್ರಿ" ಎನ್ನುವುದು ನನಗೂ ರೂಢಿಯಾಗಿಹೋಯಿತು. ಅಲ್ಲೇ ನಾನು ಕೆಟ್ಟೆ.

ತೊಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಸಂಕ್ರಮಣದ ದಿನ ನಮ್ಮ ಕಡೆ ಎಳ್ಳನ್ನು ಅರಿಷಿಣದ ಜೊತೆ ಅರೆದು ಮೈಗೆಲ್ಲ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುತ್ತಾರೆ. ಮಾವನವರಿಗೆ ವರ್ಷದಲ್ಲಿ ಅತ್ಯಂತ ಪ್ರೀತಿಯ ಹಬ್ಬ ಅದು, ಊರಿಗೆ ಊರೇ ಚರ್ಮಕ್ಕೆ ಎಣ್ಣೆ ಹಚ್ಚಿಕೊಳ್ಳುವ ದಿನವಲ್ಲವೇ! ಅವತ್ತು ಗಂಡಸರ ಕಡೆಯ ದಂಡೆಯಲ್ಲಿ ನಿಂತು ಯಾರ್ಯಾರದೋ ಬೆನ್ನು ತಿಕ್ಕುತ್ತಿದ್ದರು. ಹೆಂಗಸರು ಮಿಂದು ಬಂದು ನಡುಗುತ್ತ ಕಬ್ಬಿನ ಒಣಗರಿಯ ರವದಿಗೆ ಬೆಂಕಿ ಹಚ್ಚಿ ಸುತ್ತ ಕೂತೆವು. ಅತ್ತೆಯವರ ಕೌದಿ ಬೂಟು ಒದ್ದೆಯಾಗಿತ್ತು. ಅದನ್ನು ಒಣಗಲು ಇಟ್ಟು ಎಲ್ಲರಂತೆ ಕಾಲು ಬೆಂಕಿಯ ಕಡೆ ಚಾಚಿದರು. ಚಳಿಯಲ್ಲಿ ಕಾಲು ಕಾಯಿಸುವುದು ಯಾರಾದರೂ ಹೇಳಿಕೊಡಬೇಕಾದದ್ದೇ? ಬೆಂಕಿಯ ಅಂಚಿಗೆ ಕಾದ ಕಲ್ಲುಗಳಿದ್ದವು. ಅವುಗಳಲ್ಲೊಂದರ ಮೇಲೆ ಅವರ ಎಡ ಹಿಮ್ಮಡಿ ಇತ್ತು. ಅವರು ಪಕ್ಕದವರ ಜೊತೆ ನಗುನಗುತ್ತ ಮಾತಾಡುತ್ತಿದ್ದರು. ನಾನೂ ಅಲ್ಲೇ ಇದ್ದೆ, ಮಗಳಿಗೆ ತಿನ್ನಿಸುತ್ತಿದ್ದೆ. ನಾನು ನೋಡಲಿಲ್ಲ.

ಸಂಜೆ ಹಾಜರಿ. ಹಬ್ಬದ ಅಡುಗೆ ಮಾಡಿ ನನ್ನ ನಡ ಬಿದ್ದುಹೋಗಿತ್ತು. ಚಿಕ್ಕವಳು ಅಳುತ್ತಿದ್ದಳು. ಮಾವನವರು ದೂರದಿಂದ ಬೆಳಕು ಹಿಡಿದು "ಎಡಗಾಲ?" ಎಂದರು. ಬೆಳಕಿಗೆ ಅಡ್ಡವಾಗಿ ಕೂತಿದ್ದ ನಾನು ಬೂಟನ್ನೂ ಬಿಚ್ಚಿಸದೆ "ಚಲೋ ಐತ್ರಿ ಮಾವಾರ" ಎಂದೆ. ಮರುದಿನ ನೆಂಟರು. ಅವತ್ತೂ ಹಾಗೇ ಅಂದೆ. ಮೂರನೆಯ ಸಂಜೆ ಬ್ಯಾಟರಿಯ ಬೆಳಕಿನಲ್ಲಿ ಕೌದಿ ಬೂಟಿನ ಹಿಂಬದಿ ಒದ್ದೆಯಾಗಿರುವುದು ಮಾವನವರಿಗೇ ಕಂಡಿತು. ಬಿಚ್ಚಿದರೆ ಅರಿವೆ ಹಿಮ್ಮಡಿಗೆ ಅಂಟಿಕೊಂಡಿತ್ತು.

"ತಂಗೀ, ಮೂರ ದಿನದಿಂದ ನೋಡಿದ್ದಿಲ್ಲೇನು?"

ಅಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತೆಯವರೇ, "ಹುಡಿಗಿಗೆ ಯಾಕ ಅಂತೀರಿ? ನನ್ನ ಕಾಲ, ನನಗ ಗೊತ್ತಾಗಿಲ್ಲ, ಆಕಿಗೇನ ಗೊತ್ತಾಗಬೇಕು?" ಎಂದರು. ಆ ಮಾತು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು.

ಮರುದಿನ ಬೆಳಗಿನ ರೈಲಿಗೆ ಮಿರಜು. ಡಾಕ್ಟರು ಗಾಯ ತೊಳೆದು, ಸ್ಪರ್ಶ ಎಲ್ಲಿಯವರೆಗೆ ಹೋಗಿದೆಯೆಂದು ನೋಡಲು ಸೂಜಿಯ ತುದಿಯಿಂದ ಪಾದವನ್ನು ಒತ್ತುತ್ತ ಬಂದರು. ಅತ್ತೆಯವರು ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ನಾಲ್ಕು ಕಡೆ ಒತ್ತಿ ಮುಗಿದ ಮೇಲೆ, "ಚುಚ್ಚೂದಿದ್ರ ಲಗೂನ ಚುಚ್ರಿ ಸಾಹೇಬ್ರ, ನನಗ ಅಂಜಿಕಿ ಇಲ್ಲ" ಎಂದರು. ಡಾಕ್ಟರು ಸೂಜಿ ಕೆಳಗಿಟ್ಟರು. ಆಮೇಲೆ ಮಾವನವರಿಗೆ ಹೊರಗೆ ಬಂದು ಹೇಳಿದರು. ದಿನಾ ಕಾಯಿಸಿ ಆರಿಸಿದ ನೀರಿನಿಂದ ತೊಳೆದು ಪಟ್ಟಿ ಕಟ್ಟಬೇಕು. ಗಾಯ ಮೇಲಕ್ಕೇರದಿದ್ದರೆ ಕಾಲು ಉಳಿಯುತ್ತದೆ. ಏರಿದರೆ ಇಲ್ಲಿಂದ, ಎಂದು ತಮ್ಮ ಮೊಣಕಾಲಿನ ಕೆಳಗೆ ಬೆರಳು ಎಳೆದು ತೋರಿಸಿದರು. ಮಾವನವರು ಚೀಲದಿಂದ ತೊಳೆದ ತುಪ್ಪದ ಡಬ್ಬಿ ತೆಗೆದು, "ಇದನ್ನ...?" ಎಂದು ಕೇಳಿದರು. ತೆರೆದ ಗಾಯಕ್ಕೆ ಮನೆಮದ್ದು ಏನೂ ಬೇಡ, ಚರ್ಮ ಕೂಡಿದ ಮೇಲೆ ನೋಡೋಣ ಎಂದರು ಡಾಕ್ಟರು. "ಖರೇ ಐತ್ರಿ. ಸೀಳಿದ ಸಿಲಿಂಡರಿಗೆ ಗ್ರೀಸ್ ಹಚ್ಚಿ ಏನ ಮಾಡೂದು" ಎನ್ನುತ್ತ ಡಬ್ಬಿಯನ್ನು ವಾಪಸು ಚೀಲಕ್ಕೆ ಹಾಕಿದರು. ಅದರ ಮುಚ್ಚಳ ಕೂರಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಎಂಥೆಂಥ ಇಂಜಿನ್ನನ್ನೋ ಬಿಚ್ಚಿ ಕೂರಿಸಿದ ಕೈ ಅದು.

ಮನೆಗೆ ಬಂದ ಸಂಜೆ ನಾನು ನೀರು ಕಾಯಿಸಿ ಆರಿಸಿ, ಹತ್ತಿ, ಪಟ್ಟಿ ಎಲ್ಲ ತಟ್ಟೆಯಲ್ಲಿ ಇಟ್ಟುಕೊಂಡು ಅತ್ತೆಯವರ ಕಾಲ ಬಳಿ ಕೂತೆ. ಮಾವನವರು ಸಾಬೂನಿನಿಂದ ಮೂರು ಸಲ ಕೈ ತೊಳೆದು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಸ್ವಲ್ಪ ಅತ್ತಾಗ ಸರಿ ತಂಗೀ."

ನನ್ನನ್ನು ಇನ್ನು ನಂಬುವುದಿಲ್ಲ ಎಂದುಕೊಂಡೆ. ಕಣ್ಣು ತುಂಬಿಬಂತು. ಅವರಿಗೆ ತಿಳಿಯಿತೇನೋ. "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಇದು ನನ್ನ ಕೆಲಸ ಇತ್ತು. ನಿನ್ನ ಹೆಗಲಿಗೆ ಹಾಕಿ ದೂರ ನಿಂತಿದ್ದೆ" ಎಂದು, ಅತ್ತೆಯವರ ಪಾದವನ್ನು ಎರಡೂ ಕೈಯಿಂದ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಅತ್ತೆಯವರು ಹೌಹಾರಿದರು. "ಬ್ಯಾಡ್ರಿ! ಕೈ ಮುಗೀತೀನಿ, ಬಿಡ್ರಿ! ನನಗ ಪಾಪ ಹಚ್ಚಬ್ಯಾಡ್ರಿ!"

"ಪಾಪ ಐತಿ ಅಂದ್ರ ಅದು ನನಗಿರ್ಲಿ" ಎಂದರು ಮಾವನವರು, ತಲೆಯೆತ್ತದೆ. "ನೀ ಚಾಚಿಲ್ಲ, ನಾ ಜಗ್ಗಕೊಂಡೇನಿ. ದೇವರ ಕೇಳಿದ್ರ ಹಂಗ ಹೇಳು. ಹಿಂದ ಒಂದ ಬೆರಳ ಹೋತು. ಅವತ್ತ ನಾ ಈ ಕಾಲ ನೋಡಿದ್ರ ಅದೂ ಉಳೀತಿತ್ತು."

ಅತ್ತೆಯವರು ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು ಬಿಕ್ಕಿದರು. ಮಾವನವರು ಗಾಯ ತೊಳೆದು, ಒರೆಸಿ, ಪಟ್ಟಿ ಸುತ್ತಿದರು. ಮುಗಿಯಿತೋ ಇಲ್ಲವೋ, ಅತ್ತೆಯವರು ಹಾಸಿಗೆಯಿಂದ ಬಗ್ಗಿ ಗಂಡನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಏ, ಬಗ್ಗಬ್ಯಾಡ, ಕಾಲಿನ ಮ್ಯಾಲ ಭಾರ ಬೀಳತೈತಿ!" ಎಂದು ಮಾವನವರು ಕೂಗಿದರು. ಇದು ದಿನಾ ಸಂಜೆಯ ಆಟವಾಯಿತು. ಮಾವನವರು ಪಟ್ಟಿ ಕಟ್ಟುವುದು, ಅತ್ತೆಯವರು ನಮಸ್ಕಾರ ಮಾಡುವುದು, ಮಾವನವರು ಬೈಯುವುದು. ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕಿಸಿಕಿಸಿ ನಗುವುದು. ನಾನು ಮಾತ್ರ ನಗುತ್ತಿರಲಿಲ್ಲ. ದಿನವೂ ಗಾಯದ ಅಂಚನ್ನು ನೋಡುತ್ತಿದ್ದೆ, ಮೇಲಕ್ಕೇರಿದೆಯೋ ಇಲ್ಲವೋ ಎಂದು.

ಗಾಯ ಏರಲಿಲ್ಲ. ಎರಡು ಸಲ ಮಿರಜಿಗೆ ಹೋಗಿ ಬಂದೆವು. ಶಿವರಾತ್ರಿಯ ಹೊತ್ತಿಗೆ ಮಾಂಸ ತುಂಬಿತು. ಹೋಳಿ ಮುಗಿಯುವಷ್ಟರಲ್ಲಿ ಚರ್ಮ ಕೂಡಿತು. ಕಾಲು ಉಳಿಯಿತು, ಇನ್ನು ನಿಮ್ಮ ತುಪ್ಪ ಹಚ್ಚಿಕೊಳ್ಳಿ ಎಂದು ಡಾಕ್ಟರು ಹೇಳಿದ ದಿನ ಮಾವನವರು ರೈಲಿನಲ್ಲಿ ದಾರಿಯುದ್ದಕ್ಕೂ ಎದುರು ಸೀಟಿನವರ ಹಿಮ್ಮಡಿ ನೋಡಿ ಸಲಹೆ ಕೊಡುತ್ತ ಬಂದರು.

ಅವತ್ತು ಸಂಜೆ ಮತ್ತೆ ಕಂಬಳಿ ಹಾಸಿ ಹಾಜರಿ. ನಾನು ಅತ್ತೆಯವರ ಪಾದವನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬೆರಳ ಸಂದಿಯನ್ನೂ ಬಿಡದೆ ನೋಡಿದೆ. ಹಿಮ್ಮಡಿಯಲ್ಲಿ ಎಳೆಯ ಗುಲಾಬಿ ಚರ್ಮ, ಒಂದು ಬಿರುಕಿಲ್ಲ. "ಚಲೋ ಐತ್ರಿ ಮಾವಾರ" ಎಂದೆ. ಈ ಸಲ ಖರೆಯಾಗಿ ನೋಡಿಯೇ ಅಂದೆ.

"ಆತು ಹಂಗಾರ. ಇನ್ನ ಮ್ಯಾಲ ದಿನಾ ತುಪ್ಪ ನೀನ ಹಚ್ಚು ತಂಗೀ" ಎಂದು ಮಾವನವರು ಬಟ್ಟಲನ್ನು ನನ್ನ ಮುಂದೆ ಸರಿಸಿ ಎದ್ದರು.

ಆಗ ಅತ್ತೆಯವರು, ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳುವಂತೆ ಹೇಳಿದರು: "ಇನ್ನೂ ಉರೀತೈತಿ."

ನಾನು ದಂಗಾಗಿ ನೋಡಿದೆ. ಬೆಂಕಿಯ ಕಲ್ಲಿನ ಮೇಲೆ ಇಟ್ಟರೂ ಗೊತ್ತಾಗದ ಕಾಲು, ಸೂಜಿ ಒತ್ತಿದರೂ ತಿಳಿಯದ ಕಾಲು! ಅದು ಉರಿಯುವುದೆಂದರೇನು? ಮಾವನವರನ್ನು ನೋಡಿದೆ. ಆ ಕಾಲಿನ ಬಗ್ಗೆ ನನಗಿಂತ ಹೆಚ್ಚು ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ಅತ್ತೆಯವರಿಗೂ ಗೊತ್ತು. ಬಟ್ಟಲನ್ನು ಅಲ್ಲೇ ಬಿಟ್ಟು ಮಕ್ಕಳನ್ನು ಎಬ್ಬಿಸಿಕೊಂಡು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ಅತ್ತುಬಿಟ್ಟೆ.

ಮಾವನವರು ತಿರುಗಿ ಬಂದು ನೆಲದ ಮೇಲೆ ಕೂತು, ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು ಅಲ್ಲಿಂದಲೇ ಕಂಡಿತು.

"ಎಲ್ಲಿ ಉರೀತೈತಿ?"

"ಅಲ್ಲೇ, ಹಿಮ್ಮಡದಾಗ."

"ಭಾಳ ಉರೀತೈತೇನು?"

"ಭಾಳ ಏನಿಲ್ರಿ" ಎಂದರು ಅತ್ತೆಯವರು. "ದಿನಾ ನೀವ ಇಷ್ಟ ಹಚ್ಚಿದ್ರ ತಡಕೋತೀನಿ."